ಪೆನ್ಸಿಲಿನಲ್ಲಿದ್ದ ಹೆಸರು

ಒಂದೇ ಪೇಪರಿನಲ್ಲಿ ಸತ್ತವನು ನಮ್ಮ ವಾಚನಾಲಯದಲ್ಲಿ ಸಾಯುತ್ತಿರಲಿಲ್ಲ. ಎರಡನೇ ಪೇಪರು ಬಂದು ಹೌದೆನ್ನುವ ತನಕ ಅವನ ಹೆಸರು ಪೆನ್ಸಿಲಿನಲ್ಲಿ ಇರುತ್ತಿತ್ತು. ಹೌದೆಂದ ಮೇಲೆ ಅದೇ ಅಕ್ಷರಗಳ ಮೇಲೆ ಶಾಯಿ ಎಳೆಯುತ್ತಿದ್ದೆ. ನಿಯಮ ನನ್ನದು. ಅದನ್ನು ಮುರಿಯಲು ಅಧ್ಯಕ್ಷರಿಗೂ ಬಿಡುತ್ತಿರಲಿಲ್ಲ.

ಯುದ್ಧ ನಡೆಯುತ್ತಿದ್ದ ವರ್ಷಗಳು. ಬದಿಯಡ್ಕದ ಅಂಗಡಿ ಸಾಲಿನ ಕೊನೆಯ ಕೋಣೆ ನಮ್ಮ ವಾಚನಾಲಯ. ಎರಡು ಬೆಂಚು, ಒಂದು ಕಪಾಟು, ನೆಲಕ್ಕೆ ಚಾಪೆಗಳು. ಶಾಲೆಯ ಹೆಡ್ಮಾಷ್ಟ್ರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಆ ತಿಂಗಳು ಲೋಕದಲ್ಲಿ ತೀರಿಕೊಂಡ ಹೆಸರುವಾಸಿ ಜನರ ಯಾದಿಯನ್ನು ತಿಂಗಳ ಕೊನೆಯ ಭಾನುವಾರ ಸಂಜೆ ಗಟ್ಟಿಯಾಗಿ ಓದಬೇಕು ಎಂಬುದು ಹೆಡ್ಮಾಷ್ಟ್ರ ಯೋಜನೆ. ಓದು ಬಾರದವರಿಗೂ ಲೋಕ ಎಷ್ಟು ದೊಡ್ಡದೆಂದು ತಿಳಿಯಲಿ ಎಂದು ಅವರ ವಾದ. ಬದುಕಿರುವವರ ಯಾದಿ ಓದಿದರೆ ತಿಳಿಯುವುದಿಲ್ಲವೇ ಎಂದು ನಾನು ಕೇಳಿದ್ದೆ.

"ಬದುಕಿದ್ದವರ ಬಗ್ಗೆ ಅಂದ್ರೆ ನೀವು ಎರಡು ದಿನ ಚರ್ಚೆ ಮಾಡ್ತೀರಿ ಮಾರಾಯ್ರೆ. ಸತ್ತವರ ಬಗ್ಗೆ ಆದ್ರೂ ಸುಮ್ಮನೆ ಇರಬಹುದು ಅಂತ" ಅಂದರು ಅವರು. ಅವರ ಎಣಿಕೆ ತಪ್ಪಿತು. ಯಾರು ಹೆಸರುವಾಸಿ ಎಂಬುದರ ಮೇಲೆಯೇ ನಾವು ಪ್ರತಿ ತಿಂಗಳೂ ಜಗಳಾಡಿದೆವು. ಅಪ್ಪನ ಗಾದಿಯ ಮೇಲೆ ಕೂತದ್ದು ಬಿಟ್ಟರೆ ಬೇರೇನೂ ಮಾಡದ ರಾಜನಿಗೆ ಎರಡು ಸಾಲು ಕೊಡಬಾರದೆಂದು ನಾನು. ಗಾದಿ ಬಿಟ್ಟು ಓಡಿಹೋದವನಾದರೆ ಒಂದು ಸಾಲು ಕೊಡಬಹುದೆಂದು ಅವರು. ಕೇಳುವವರಿಗೆ ಮಾತ್ರ ಕುಸ್ತಿಪಟುಗಳೇ ಬೇಕು. "ಈ ತಿಂಗಳು ಜಟ್ಟಿಗಳು ಯಾರೂ ಇಲ್ವಾ?" ಎಂದು ಮೊದಲೇ ವಿಚಾರಿಸಿ ಹೋಗುವವರಿದ್ದರು.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮದ್ರಾಸಿನ ಇಂಗ್ಲಿಷ್ ದಿನಪತ್ರಿಕೆ ರೈಲಿನಲ್ಲಿ ಕಾಸರಗೋಡಿಗೆ ಬಂದು, ಅಲ್ಲಿಂದ ಇದ್ದಿಲಿನ ಬಸ್ಸಿನಲ್ಲಿ ನಮ್ಮಲ್ಲಿಗೆ ಬರಬೇಕು. ಪೆಟ್ರೋಲು ಇಲ್ಲದ ಕಾಲ. ಏರು ಬಂದಲ್ಲಿ ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ನೂಕುತ್ತಿದ್ದರು. ಹಾಗಾಗಿ ಸುದ್ದಿಗೆ ಎರಡು ದಿನ ವಯಸ್ಸಾಗಿರುತ್ತಿತ್ತು. ಗುರುವಾರ ಮಂಗಳೂರಿನ ಕನ್ನಡ ವಾರಪತ್ರಿಕೆ. ಇವೆರಡರಲ್ಲೂ ಕಾಣದ್ದನ್ನು ಹುಡುಕಲು ಜವಳಿ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿಗೆ ಬರುವ ಬಟ್ಟೆಯ ಕಟ್ಟುಗಳಿಗೆ ಬೊಂಬಾಯಿಯ ಹಳೆಯ ಪೇಪರು ಸುತ್ತಿರುತ್ತಿತ್ತು. ಅದನ್ನು ತಂದು ಬೆಂಚಿನಡಿ ಒತ್ತಿಟ್ಟು, ಸುಕ್ಕು ಹೋದ ಮೇಲೆ ಓದುವುದು. ಅನೇಕ ದೊಡ್ಡ ಮನುಷ್ಯರ ಮರಣ ನಮ್ಮಲ್ಲಿ ಖಚಿತವಾದದ್ದು ಹಾಗೆ, ಧೋತಿಯ ಕಟ್ಟಿನ ಹೊದಿಕೆಯಿಂದ. ಪೇಪರು ಸಂಸ್ಥೆಯ ಸೊತ್ತು, ಕತ್ತರಿಸುವಂತಿಲ್ಲ. ಹೆಸರು, ದೇಶ, ಮಾಡಿದ ಕೆಲಸ, ಸತ್ತ ಊರು, ಎಲ್ಲವನ್ನೂ ನೋಟುಪುಸ್ತಕಕ್ಕೆ ಕೈಯಲ್ಲೇ ಇಳಿಸಬೇಕು.

ಎರಡು ಪೇಪರಿನ ನಿಯಮ ಮೊದಲು ಇರಲಿಲ್ಲ. ಯೂರೋಪಿನ ಒಬ್ಬ ಗಾಯಕ ಸತ್ತನೆಂದು ಮದ್ರಾಸಿನ ಪತ್ರಿಕೆ ಬರೆಯಿತು. ನಾನು ಓದಿದೆ, ಹೆಡ್ಮಾಷ್ಟ್ರು ಎಲ್ಲರನ್ನೂ ಎಬ್ಬಿಸಿ ಮೌನ ಆಚರಿಸಿದರು. ಮೂರನೇ ದಿನ ಅದೇ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು: ಗಾಯಕರು ಚೇತರಿಸಿಕೊಳ್ಳುತ್ತಿದ್ದಾರೆ. ಬದುಕಿರುವ ಮನುಷ್ಯನಿಗಾಗಿ ಬದಿಯಡ್ಕ ಎದ್ದು ನಿಂತಿತ್ತು! ಅವತ್ತಿನಿಂದ ಪೆನ್ಸಿಲು. ಊರಿಗೂ ನಿಯಮ ಬಾಯಿಪಾಠವಾಯಿತು. ದಾರಿಯಲ್ಲಿ ಚಹದ ಅಂಗಡಿಯವನು ಕೂಗುತ್ತಿದ್ದ:

"ಓ ಚಿತ್ರಗುಪ್ತರೇ, ಇವತ್ತು ಎಷ್ಟು ಜನ?"

"ಎರಡು ಪೆನ್ಸಿಲು, ಒಂದು ಶಾಯಿ."

"ಪೆನ್ಸಿಲಿನವರಿಗೆ ಒಂದೊಂದು ಚಾ ಕಳಿಸ್ಲಾ? ಜೀವ ಉಂಟಲ್ಲ ಇನ್ನೂ."

ನಾನೂ ನಗುತ್ತಿದ್ದೆ. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ತಯಾರಾದವನು ನಾನು. ಎದುರಾಳಿಯ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು, ಇವೆರಡರಲ್ಲಿ ಯಾವುದು ಸುಳ್ಳು ಎಂದು ಕೇಳುವುದು ನನಗೆ ಉಸಿರಾಟದಷ್ಟು ಸಲೀಸು. ಊರಿನಲ್ಲಿ ದೇವರ ಬಗ್ಗೆ, ದೈವದ ಬಗ್ಗೆ, ಜಾತಕದ ಬಗ್ಗೆ ನನ್ನೊಡನೆ ಮಾತಿಗೆ ಬರುವವರು ಕಡಿಮೆಯಾಗಿದ್ದರು. ಅದನ್ನು ಗೆಲುವೆಂದು ತಿಳಿದಿದ್ದೆ.

ನಮ್ಮ ಚಾಪೆಗಳನ್ನು ಹೆಣೆದುಕೊಟ್ಟವಳು ಸಮೀಪದ ಮನೆಯ ಒಬ್ಬ ಹೆಂಗಸು. ಎಲ್ಲರ ಬಾಯಲ್ಲಿ ಅವಳು ಚಾಪೆಯಕ್ಕ. ಯಾದಿ ಓದುವ ಸಂಜೆಗಳಲ್ಲಿ ತಪ್ಪದೆ ಬರುತ್ತಿದ್ದಳು; ತಾನು ಹೆಣೆದ ಚಾಪೆಯಲ್ಲಿ ಮಾತ್ರ ಕೂರುತ್ತಿರಲಿಲ್ಲ, ಮೆಟ್ಟಿಲಿನಲ್ಲಿ ಕೂತು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಕನ್ನಡ ಓದಲು ಬಾರದು, ಮನೆಮಾತು ತುಳು. ರಕ್ತದ ಗುಣ ಕಂಡುಹಿಡಿದ ವಿಜ್ಞಾನಿ, ಮಂಜಿನ ದೇಶಕ್ಕೆ ಹಡಗು ನಡೆಸಿದ ಕಪ್ತಾನ, ಎಲ್ಲರನ್ನೂ ಒಂದೇ ಮುಖದಲ್ಲಿ ಕೇಳಿ, ಓದು ಮುಗಿದ ಕೂಡಲೇ ಎದ್ದು ಹೋಗುತ್ತಿದ್ದಳು. ಲೋಕಜ್ಞಾನದ ಹಸಿವು ಎಂದು ನಾನೇ ಹೆಡ್ಮಾಷ್ಟ್ರಿಗೆ ಹೆಮ್ಮೆಯಿಂದ ಹೇಳಿದ್ದೆ.

ಮಳೆ ಹಿಡಿಯುವ ಮೊದಲಿನ ಒಂದು ಓದಿನ ನಂತರ ಅವಳು ಎದ್ದವಳು ನನ್ನನ್ನು ನೋಡಿ ನಕ್ಕಳು.

"ಈ ತಿಂಗಳೂ ಬರಲಿಲ್ಲ ಮಾಷ್ಟ್ರೇ, ಅಲ್ವಾ?" ನಾನು ಮಾಷ್ಟ್ರಲ್ಲ, ಕೈಯಲ್ಲಿ ಪುಸ್ತಕ ಹಿಡಿದವರೆಲ್ಲ ಅವಳಿಗೆ ಮಾಷ್ಟ್ರು.

"ಯಾರದ್ದು ಅಕ್ಕಾ?"

"ತಮ್ಮಂದು. ರಂಗೂನಿನವನದ್ದು. ನೀವು ಲೋಕದಲ್ಲಿ ಸತ್ತವರನ್ನೆಲ್ಲ ಓದ್ತೀರಿ. ಅವನ ಹೆಸರು ಇಲ್ಲ. ಹಾಗಾದ್ರೆ ಇದ್ದಾನೆ. ಮಾವ ಸುಮ್ಮನೆ ಹಟ ಮಾಡುದು."

ಆಗ ಗೊತ್ತಾಯಿತು. ಅವಳ ತಮ್ಮ ರಂಗೂನಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬರ್ಮದ ಆ ಊರು ಜಪಾನಿನವರ ಕೈಗೆ ಬಿದ್ದ ಮೇಲೆ ಅವನ ಕಾಗದವಿಲ್ಲ. ಅದೇ ಅಂಗಡಿಯಲ್ಲಿದ್ದ ನಾಯ್ಮಾರ್ಮೂಲೆಯ ಒಬ್ಬ ಬ್ಯಾರಿ ಮುಸಲ್ಮಾನರು, ಎಲ್ಲರೂ ಕಾಕ ಎಂದು ಕರೆಯುತ್ತಿದ್ದವರು, ಕಾಡುಮೇಡು ನಡೆದು ಜೀವ ಉಳಿಸಿಕೊಂಡು ಬಂದಿದ್ದರು. ನಿಮ್ಮವನು ದಾರಿಯಲ್ಲಿ ತೀರಿಕೊಂಡ, ಕಣ್ಣು ಮುಚ್ಚಿಸಿದ್ದು ನಾನೇ ಎಂದು ಹೇಳಿಕಳಿಸಿದ್ದರು. ಅವಳ ಸೋದರಮಾವ, ಆ ಮನೆಯ ಯಜಮಾನ, ಅದನ್ನು ನಂಬಿದ್ದರು. ಅಕ್ಕ ನಂಬಿರಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಹೆಡ್ಮಾಷ್ಟ್ರು ಪಕ್ಕದಿಂದ ನನ್ನ ಅಂಗಿ ಎಳೆದದ್ದು ಈಗಲೂ ನೆನಪಿದೆ. ಆದರೆ ತಪ್ಪು ತರ್ಕ ಕಿವಿಗೆ ಬಿದ್ದರೆ ತಡೆಯಲಾಗದ ಚಟ ನನ್ನದು.

"ಇದರಲ್ಲಿ ಎಲ್ಲರ ಹೆಸರು ಬರುದಿಲ್ಲ ಅಕ್ಕಾ. ಪೇಪರಿನವರು ದೊಡ್ಡವರದ್ದು ಮಾತ್ರ ಹಾಕುದು."

"ಹಾಗಾದ್ರೆ ಸಣ್ಣವರದ್ದು ಎಲ್ಲಿ ಓದ್ತಾರೆ?"

ಉತ್ತರ ಇಲ್ಲದ್ದನ್ನು ಒಪ್ಪಿಕೊಳ್ಳಲು ನನಗೆ ಗೊತ್ತಿರಲಿಲ್ಲ. "ನಿಮ್ಮ ತಮ್ಮಂದು ನಾನು ವಿಚಾರಿಸ್ತೇನೆ. ಎರಡು ಸಾಕ್ಷಿ ಸಿಕ್ಕಿದ್ರೆ ಸತ್ತ. ಇಲ್ಲದಿದ್ರೆ ಸತ್ತ ಅಂತ ಯಾರೂ ಹೇಳುವ ಹಾಗಿಲ್ಲ" ಅಂದೆ.

ಸಮಯ ಹೆಚ್ಚಿರಲಿಲ್ಲ. ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆ ಹತ್ತಿರವಿತ್ತು. ಅಂದು ಮನೆಯ ಸತ್ತವರಿಗೆ ಬಾಳೆಲೆ ಹಾಕಿ ಬಡಿಸುವುದು ಅವರ ಕ್ರಮ. ಎಷ್ಟು ಜನವೋ ಅಷ್ಟು ಎಲೆ. ಸತ್ತವನಿಗೆ ಎಲೆ ತಪ್ಪಿದರೆ ಅವನು ಹಸಿದು ಬಾಗಿಲಲ್ಲಿ ನಿಲ್ಲುತ್ತಾನೆ. ಬದುಕಿರುವವನಿಗೆ ಎಲೆ ಹಾಕಿದರೆ ಆ ಎಲೆಯೇ ಅವನನ್ನು ಕೊಲ್ಲುತ್ತದೆ. ಎರಡನ್ನೂ ನಾನು ನಂಬುವವನಲ್ಲ. ಆದರೆ ಅವಳು ಎರಡನ್ನೂ ನಂಬಿದ್ದಳು, ಈ ವರ್ಷ ಒಂದು ಎಲೆ ಹೆಚ್ಚು ಬೇಕೋ ಬೇಡವೋ ಎಂದು ಅವಳಿಗೆ ತಿಳಿಯಬೇಕಿತ್ತು.

ಕಲ್ಕತ್ತೆಗೆ, ಮದ್ರಾಸಿಗೆ, ಬರ್ಮದಿಂದ ಬಂದವರಿಗಾಗಿ ತೆರೆದಿದ್ದ ಕಚೇರಿಗಳಿಗೆಲ್ಲ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಹೆಸರು, ವಯಸ್ಸು, ಎಡಗೈಯ ಸುಟ್ಟ ಕಲೆ. ಆಮೇಲೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ನಾಯ್ಮಾರ್ಮೂಲೆಯಲ್ಲಿ ಇಳಿದೆ.

ಕಾಕ ಅಂಗಳಕ್ಕೆ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅವರ ಕಾಲಿನ ಹುಣ್ಣುಗಳು ಇನ್ನೂ ಮಾಗಿರಲಿಲ್ಲ. ತಮ್ಮ ಮಾತಿನಲ್ಲಿ ಮಗನೇ ಎಂದೇ ಕರೆದರು. "ಕೂತ್ಕೋ ಮೋನೇ. ಅವನ ಊರಿನವನಾ ನೀನು? ಅವನು ಪದ ಹಾಡ್ತಾ ಬಟ್ಟೆ ಅಳೆಯುದು, ಗೊತ್ತುಂಟಾ? ಗಿರಾಕಿಗಳು ಪದ ಕೇಳ್ಲಿಕ್ಕೇ ಇನ್ನೊಂದು ಗಜ ಜಾಸ್ತಿ ತಗೊಳ್ಳುದು."

ನಾನು ನೋಟುಪುಸ್ತಕ ತೆರೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಡೆದ ದಾರಿ, ಸಿಕ್ಕ ನೀರು, ದಾರಿಬದಿ ಮಲಗಿದವರು ಮತ್ತೆ ಏಳದೆ ಹೋದದ್ದು. ಒಂದು ನದಿ. ಕೊನೆಯ ದೋಣಿ ಬೆಳಿಗ್ಗೆಯೇ ಹೊರಟಿತು, ಅದನ್ನು ತಾನು ಹೇಗೋ ಹತ್ತಿದೆ ಎಂದರು. ಸ್ವಲ್ಪ ಹೊತ್ತಿನ ನಂತರ ತಮ್ಮನ ವಿಷಯ ಬಂತು: ವಾಂತಿಭೇದಿ, ದೋಣಿ ಹತ್ತುವ ದಡದಲ್ಲೇ ಒಂದು ದೊಡ್ಡ ಮರ, ಅದೇ ದಿನ ಮಧ್ಯಾಹ್ನ ಪ್ರಾಣ ಹೋಯಿತು, ಕಣ್ಣು ಮುಚ್ಚಿಸಿದೆ.

ನನಗೆ ಒಳಗೊಳಗೇ ಜಿಗಿದ ಹಾಗಾಯಿತು. ಸ್ಪರ್ಧೆಯಲ್ಲಿ ಎದುರಾಳಿಯ ಕಾಲು ಜಾರಿದಾಗ ಆಗುವ ಖುಷಿ ಅದು. ಬೇರೆ ಹೆಸರು ಅದಕ್ಕಿಲ್ಲ.

"ಕಾಕಾ, ದೋಣಿ ಹತ್ತಿದ್ದು ಬೆಳಿಗ್ಗೆ. ಆಚೆ ದಡಕ್ಕೆ ಹೋದದ್ದು ಬೆಳಿಗ್ಗೆ. ಅವನು ಇದ್ದದ್ದು ಈಚೆ ದಡದಲ್ಲಿ. ಮಧ್ಯಾಹ್ನ ನೀವು ಕಣ್ಣು ಮುಚ್ಚಿಸಿದ್ದು ಹೇಗೆ?"

ಒಳಬಾಗಿಲಿನಿಂದ ಚಹದ ಗ್ಲಾಸು ಹಿಡಿದು ಬರುತ್ತಿದ್ದ ಅವರ ಹೆಂಡತಿ ಅಲ್ಲೇ ನಿಂತುಬಿಟ್ಟರು.

"ಎರಡರಲ್ಲಿ ಯಾವುದು ಸರಿ?" ಎಂದು ಮತ್ತೆ ಕೇಳಿದೆ.

"ಜಾಗ ಒಬ್ಬನಿಗೆ ಇದ್ದದ್ದು" ಅಂದರು ಕಾಕ. "ಅವನಿಗೆ ನಿಲ್ಲಲಿಕ್ಕೆ ಆಗ್ತಿರಲಿಲ್ಲ. ನೀರಿನ ಚೊಂಬು ಅವನ ಹತ್ತಿರ ಇಟ್ಟೆ. ನೀವು ಹೋಗಿ ಕಾಕಾ, ನಾನು ನಾಳೆ ಬರ್ತೇನೆ ಅಂದ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಳೆ ದೋಣಿ ಇಲ್ಲ."

"ಅಂದ್ರೆ ನೀವು ಬಿಟ್ಟು ಬರುವಾಗ ಉಸಿರು ಇತ್ತು."

"ಇತ್ತು."

ಬರೆದುಕೊಂಡೆ. ಅವರು ನನ್ನ ಪೆನ್ಸಿಲನ್ನೇ ನೋಡುತ್ತಿದ್ದರು. "ನಾನು ಕಣ್ಣು ಮುಚ್ಚಿಸಿದ್ದು ಅಂತ ಇಲ್ಲಿಯವರೆಗೆ ಎಷ್ಟು ಸಲ ಹೇಳಿದ್ದೇನೋ ಮೋನೇ. ಹೇಳಿ ಹೇಳಿ ನನಗೇ ಕಾಣ್ತಿತ್ತು, ಕೈಗೆ ಅವನ ರೆಪ್ಪೆ ತಾಗಿದ ಹಾಗೆ. ಈಗ ಅದೂ ಇಲ್ಲ. ನಿನಗೆ ಸಮಾಧಾನ ಆಯ್ತಾ?"

ಚಹ ಕುಡಿಯದೆ ಬಂದೆ. ಬಸ್ಸಿನಲ್ಲಿ ಮರಳುವಾಗ ಮನಸ್ಸು ಚುರುಗುಟ್ಟಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಪುಟದ ಕೆಳಗೆ 'ಮರಣ ಖಚಿತವಲ್ಲ' ಎಂದು ಬರೆದು ಗೆರೆ ಎಳೆದಿದ್ದೆ.

ಹೆಡ್ಮಾಷ್ಟ್ರು ಎಲ್ಲವನ್ನೂ ಓದಿ ನೋಟುಪುಸ್ತಕ ಮುಚ್ಚಿದರು. "ಇದನ್ನು ಅವಳಿಗೆ ಹೇಳ್ಲಿಕ್ಕೆ ಉಂಟಾ?"

"ಸತ್ಯ ಅಲ್ವಾ ಸಾರ್?"

"ಅವಳಿಗೆ ಇದ್ದದ್ದು ಒಂದೇ ಪೇಪರು. ಅದನ್ನೂ ನೀವು ಹರಿದಿರಿ."

"ಸುಳ್ಳು ಪೇಪರು."

"ಕಣ್ಣು ಮುಚ್ಚಿಸಿದ್ದು ಸುಳ್ಳು. ಸತ್ತದ್ದು ಸುಳ್ಳಾ? ವಾಂತಿಭೇದಿ ಆದವನು, ಆ ಕಾಡಿನಲ್ಲಿ, ಒಂದು ಚೊಂಬು ನೀರಿನಲ್ಲಿ?"

ಅದು ಸರಿಯಾದ ಏಟು. ಸಾಕ್ಷಿ ಬಿದ್ದುಹೋದರೆ ಸಂಗತಿಯೂ ಬಿದ್ದುಹೋಗುವುದಿಲ್ಲ; ಚರ್ಚೆ ಕಲಿಯುವವನು ಮೊದಲ ವಾರದಲ್ಲಿ ಕಲಿಯುವ ಪಾಠ. ನಾನು "ಸಾಬೀತಾಗಿಲ್ಲ" ಎಂಬ ಒಂದೇ ಶಬ್ದದ ಹಿಂದೆ ನಿಂತುಕೊಂಡೆ. ಅಮಾವಾಸ್ಯೆಯ ಸಂಜೆ ಅವಳ ಮನೆಗೆ ಹೋದೆ.

ಒಳಕೋಣೆಯಲ್ಲಿ ಎಲೆಗಳು ಸಾಲಾಗಿ ಬಿದ್ದಿದ್ದವು. ಮಾವ ಬಡಿಸಲು ಕೂತಿದ್ದರು. ಸಾಲಿನ ಕೊನೆಗೆ ಒಂದು ಚಿಕ್ಕ ಎಲೆ, ಉಳಿದವುಗಳಿಂದ ಒಂದು ಗೇಣು ದೂರ. ಅಷ್ಟರ ಮಟ್ಟಿಗೆ ಮಾವ ಅವಳನ್ನು ಒಪ್ಪಿಸಿದ್ದರೆಂದು ಅರ್ಥ. ಅಕ್ಕ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು.

"ಕಾಕ ಬಿಟ್ಟು ಬರುವಾಗ ಜೀವ ಇತ್ತಂತೆ ಅಕ್ಕಾ. ಸತ್ತದ್ದನ್ನು ಅವರು ನೋಡಲಿಲ್ಲ."

ಅವಳು ಒಳಗೆ ಹೋಗಿ ಆ ಕೊನೆಯ ಎಲೆಯನ್ನು ಎತ್ತಿ, ನೀರು ಕೊಡವಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾವ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಮಾಷ್ಟ್ರೇ, ಬದುಕಿದ್ದವನಿಗೆ ಎಲೆ ಹಾಕ್ಲಿಕ್ಕಿಲ್ಲ. ಸತ್ತವನನ್ನು ಉಪವಾಸ ಇಡ್ಲಿಕ್ಕೂ ಇಲ್ಲ. ಇನ್ನು ನಾವು ಎಂತ ಮಾಡುದು? ಅದನ್ನೂ ಹೇಳಿ ಹೋಗಿ."

ನಾನು ಕಚೇರಿಗಳ ಉತ್ತರ ಬರಲಿ ಅಂದೆ.

ಉತ್ತರಗಳು ಬಂದವು, ಒಂದೊಂದಾಗಿ, ತಿಂಗಳುಗಳ ಅಂತರದಲ್ಲಿ. ಈ ಹೆಸರು ನಮ್ಮ ಪಟ್ಟಿಯಲ್ಲಿಲ್ಲ. ಬಂದವರ ಪಟ್ಟಿಯಲ್ಲೂ ಇಲ್ಲ, ಆಸ್ಪತ್ರೆಯ ಪಟ್ಟಿಯಲ್ಲೂ ಇಲ್ಲ, ಸತ್ತವರ ಪಟ್ಟಿಯಲ್ಲೂ ಇಲ್ಲ. ಪ್ರತಿ ಕಾಗದವನ್ನೂ ಅವಳಿಗೆ ಓದಿ ಹೇಳಿದೆ. ಪ್ರತಿ ಸಲವೂ ಅವಳು ಕೇಳಿದ್ದು ಕೊನೆಯ ಸಾಲನ್ನು ಮಾತ್ರ. "ಸತ್ತವರದ್ದರಲ್ಲಿ ಇಲ್ಲ ಅಲ್ವಾ?"

ಅವಳು ಹೆಣೆಯುವುದು ಬಿಟ್ಟಳು. ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ಪೇಟೆಯಲ್ಲಿರಬೇಕು, ಹೆಣಿಗೆಗೆ ಕೂತರೆ ಎದ್ದು ಬರಲಾಗುವುದಿಲ್ಲ ಎಂದು ಕಾರಣ ಕೊಟ್ಟಳು. ಬಸ್ಸಿನಿಂದ ಇಳಿಯುವವರ ಎಡಗೈ ನೋಡುತ್ತಿದ್ದಳು. ಮುಂದಿನ ಆಟಿಯಲ್ಲೂ ತಮ್ಮನ ಎಲೆ ಬೀಳಲಿಲ್ಲ. ಅಷ್ಟರಲ್ಲಿ ಕಾಕ ತೀರಿಕೊಂಡಿದ್ದರು. ಜ್ವರ ಎಂದರು. ನಾನು ಹೋದ ದಿನದಿಂದ ಅವರು ಆ ನಡಿಗೆಯ ಕಥೆಯನ್ನು ಯಾರಿಗೂ ಹೇಳಿರಲಿಲ್ಲ ಎಂಬುದನ್ನು ಜವಳಿ ಅಂಗಡಿಯಲ್ಲಿ ಕೇಳಿದೆ, ಬೊಂಬಾಯಿಯ ಪೇಪರಿನ ಸುಕ್ಕು ಬಿಡಿಸುತ್ತ. ನನಗಿದ್ದ ಒಬ್ಬರೇ ಸಾಕ್ಷಿ ಅವರು. ಅವರ ಕಣ್ಣು ಯಾರು ಮುಚ್ಚಿಸಿದರೋ ಕೇಳಲಿಲ್ಲ.

ಮತ್ತೊಂದು ವರ್ಷಕ್ಕೆ ಮಾವ ಹಾಸಿಗೆ ಹಿಡಿದರು. ಆಟಿಗೆ ಮೊದಲು ನನ್ನನ್ನು ಕರೆಸಿದರು. ಅವರು ಹಾಸಿಕೊಂಡಿದ್ದ ಚಾಪೆಯ ಅಂಚು ಬಿಚ್ಚಿತ್ತು. ಆ ಮನೆಯಲ್ಲಿ ಚಾಪೆಯ ಅಂಚು ಬಿಚ್ಚಿದ್ದು!

"ನಾನು ಹೋಗ್ಲಿಕ್ಕೆ ಆಯ್ತು ಮಾಷ್ಟ್ರೇ. ಅಲ್ಲಿ ಆ ಹುಡುಗ ಹಸಿದುಕೊಂಡು ಎದುರಿಗೆ ಬಂದರೆ ನಾನು ಯಾವ ಮುಖದಲ್ಲಿ ಉಣ್ಣುದು? ಅವಳು ನನ್ನ ಮಾತು ಕೇಳುದಿಲ್ಲ. ನಿಮ್ಮದು ಕೇಳ್ತಾಳೆ. ನೀವು ಕಟ್ಟಿದ ಗಂಟು, ನೀವೇ ಬಿಚ್ಚಿ."

ಎರಡು ದಿನ ಯೋಚಿಸಿದೆ. ಯೋಚಿಸಿದೆ ಅನ್ನುವುದಕ್ಕಿಂತ ನನ್ನೊಡನೆ ನಾನೇ ವಾದಿಸಿ ಎರಡೂ ಕಡೆ ಸೋತೆ ಅನ್ನಬೇಕು. ಅವನು ಸತ್ತಿದ್ದ, ಇದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮೊದಲ ದಿನವೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಶನಿವಾರ ಸಂಜೆ ಆ ತಿಂಗಳ ಯಾದಿ ತೆರೆದೆ. ದೂರದ ದೇಶದ ಒಬ್ಬ ಖಗೋಳ ಶಾಸ್ತ್ರಜ್ಞನಿಗೂ ಒಬ್ಬ ನಾಟಕದ ನಟಿಗೂ ನಡುವೆ ಜಾಗ ಬಿಟ್ಟು, ಅವಳ ತಮ್ಮನ ಹೆಸರನ್ನು ಶಾಯಿಯಲ್ಲಿ ಬರೆದೆ. ಪೆನ್ಸಿಲು ಮುಟ್ಟಲಿಲ್ಲ.

ಭಾನುವಾರ ಅವಳು ಮೆಟ್ಟಿಲಿನಲ್ಲೇ ಇದ್ದಳು. ಹೆಡ್ಮಾಷ್ಟ್ರಿಗೆ ಮೊದಲೇ ಹೇಳಿದ್ದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಖಗೋಳ ಶಾಸ್ತ್ರಜ್ಞ ಮುಗಿಯಿತು. ಹೆಸರು ಓದಿದೆ. ಊರು ಓದಿದೆ. ರಂಗೂನಿನಲ್ಲಿ ಜವಳಿ ವ್ಯಾಪಾರದಲ್ಲಿದ್ದವರು, ಪದ ಹೇಳುತ್ತ ಬಟ್ಟೆ ಅಳೆಯುತ್ತಿದ್ದವರು, ಯುದ್ಧಕಾಲದಲ್ಲಿ ಮರಳುವ ದಾರಿಯಲ್ಲಿ ನದೀತೀರದಲ್ಲಿ ತೀರಿಕೊಂಡರು. ಎರಡು ಸಾಲು, ಎಲ್ಲರಿಗೂ ಕೊಡುವಷ್ಟೇ.

ಹೆಡ್ಮಾಷ್ಟ್ರು ಎದ್ದು ನಿಂತರು. ಅವರನ್ನು ನೋಡಿ ಎಲ್ಲರೂ ಎದ್ದರು. ಎಲ್ಲರೂ ನಿಂತ ಮೇಲೆ ಅಕ್ಕನೂ ಎದ್ದಳು.

"ಯಾವ ಪೇಪರಿನಲ್ಲಿ ಬಂತು ಮಾಷ್ಟ್ರೇ?"

ನಾನು ಕಾಕನ ಹೆಸರು ಹೇಳಿದೆ.

"ಅದು ಒಂದು. ಅದನ್ನೂ ಸುಳ್ಳು ಅಂತ ಹೇಳಿದ್ದು ನೀವೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಹದ ಅಂಗಡಿಯವನ ಹಾಗೆ, ಲೆಕ್ಕ ಕೇಳುವ ದನಿ. "ಎರಡನೆಯದ್ದು ಯಾವುದು?"

ಹೆಡ್ಮಾಷ್ಟ್ರು ನನ್ನ ಕಡೆ ನೋಡಿದರು. ಇಷ್ಟು ವರ್ಷ ಯಾರಿಗೂ ಬಗ್ಗದ ಮಾತು ನನ್ನದು. ಒಂದು ಸುಳ್ಳು, ಒಂದೇ ಒಂದು ಎರಡನೇ ಪೇಪರು ಸಾಕಿತ್ತು. ಬೊಂಬಾಯಿಯದು, ಕಲ್ಕತ್ತೆಯದು, ಯಾವುದಾದರೂ. ಓದಲು ಬಾರದವಳು. ಆದರೆ ಬಾಯಿ ತೆರೆದರೆ ಅವಳು ನನ್ನ ಹಿಂದಿನ ಮಾತನ್ನೂ ಈ ಮಾತನ್ನೂ ಅಕ್ಕಪಕ್ಕ ಇಟ್ಟು ಯಾವುದು ಸರಿ ಎಂದು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು.

"ಎರಡನೆಯದ್ದು ಇಲ್ಲ ಅಕ್ಕಾ."

"ಹಾಗಾದ್ರೆ ಪೆನ್ಸಿಲಿನಲ್ಲಿ ಬರೀರಿ."

ಎಲ್ಲರ ಎದುರಿಗೆ ಬ್ಲೇಡು ತೆಗೆದು ಶಾಯಿಯನ್ನು ಕೆರೆದೆ. ಯುದ್ಧಕಾಲದ ತೆಳು ಕಾಗದ, ಒಂದು ಕಡೆ ತೂತಾಯಿತು. ಪುಸ್ತಕದ ಕೊನೆಗೆ, ಎರಡನೇ ಪೇಪರಿಗೆ ಕಾಯುವವರ ಪುಟದಲ್ಲಿ, ಅವನ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ. ಅವಳು ಮೊದಲ ಸಲ ಒಳಗೆ ಬಂದಳು. ಹೆಸರಿನ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದಳು. ಕಪ್ಪು ಹತ್ತಿತ್ತು; ಶಾಯಿಯಾದರೆ ಹತ್ತುತ್ತಿರಲಿಲ್ಲ.

"ಸರಿ" ಅಂದಳು.

ಮಾವ ಆ ಆಟಿಯಲ್ಲೇ ಹೋದರು. ಅವರ ಎಲೆಯ ಪಕ್ಕ ಆ ಹುಡುಗನ ಎಲೆ ಇಲ್ಲ.

ಯುದ್ಧ ಮುಗಿದಿದೆ. ಬಸ್ಸಿಗೆ ಪೆಟ್ರೋಲು ಬಂದಿದೆ, ಪೇಪರು ಒಂದೇ ದಿನ ತಡ. ತಿಂಗಳ ಕೊನೆಯ ಭಾನುವಾರ ಅಕ್ಕ ಎಲ್ಲರಿಗಿಂತ ಮೊದಲು ಬರುತ್ತಾಳೆ. ನಾನು ಕೊನೆಯ ಪುಟ ತೆರೆದು ಕೊಡುತ್ತೇನೆ. ಅವಳು ಉಜ್ಜಿ ನೋಡಿ, ಬೆರಳನ್ನು ಸೆರಗಿಗೆ ಒರೆಸಿ, ಮೆಟ್ಟಿಲಿಗೆ ಹೋಗಿ ಕೂರುತ್ತಾಳೆ. ಉಜ್ಜಿ ಉಜ್ಜಿ ಹೆಸರು ಸವೆಯುತ್ತದೆ. ಪೂರ್ತಿ ಹೋದರೆ ಅವಳಿಗೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ಅದಕ್ಕಾಗಿ ಶನಿವಾರ ಸಂಜೆ, ಯಾದಿಗೆ ಶಾಯಿ ಹಚ್ಚಿ ಮುಗಿಸಿದ ಮೇಲೆ, ಪೆನ್ಸಿಲನ್ನು ಹೆರೆದು ಆ ಹೆಸರನ್ನು ಮತ್ತೊಮ್ಮೆ ತಿದ್ದಿಡುತ್ತೇನೆ.